ಸವಕಳಿ

ಜಿಲ್ಲಾ ಕೈಗಾರಿಕಾ ಕೇಂದ್ರದ ಗೇಟಿನೆದುರು ಬೇವಿನ ಗಿಡ,
ಗಿಡದ ಬುಡದಾಗ ನಾನು, ನನ್ನ ಝೆರಾಕ್ಸ್ ಮಷಿನ್ನು.
ಒಂದು ಹಾಳಿಗೆ ಎರಡು ರೂಪಾಯಿ.
ಕಾರ್ಖಾನಿಗೆ ಬ್ಯಾರೆ ರೇಟು:
ಪ್ರಾಜೆಕ್ಟ್ ರಿಪೋರ್ಟ್, ಹನ್ನೆರಡು ಹಾಳಿ,
ಸ್ಪೈರಲ್ ಬೈಂಡಿಂಗ್ ಹಿಡಿದು ಮುನ್ನೂರೈವತ್ತು.

ಕಲಬುರಗಿ ಬಿಸಲಿಗೆ ಹತ್ತು ಗಂಟೆಕ್ಕೇ ಟೋನರ್ ಕರಗತದ.
ಆದ್ರೂ ಬರ್ತಾರ.
ಶಹಾಬಾದಿನ ರುಕ್ಮೋದ್ದೀನ್, ಹುಬ್ಬಿನ ಮ್ಯಾಲ ಇನ್ನೂ ಫರ್ಶಿ ಧೂಳು,
ಪಾಲಿಶ್ ಮಷಿನ್ ಬೇಕಾಗ್ಯಾದ ಅಂವಗ.
ತಾಂಡಾದ ಸೋನಾಬಾಯಿಗೆ ತೊಗರಿ ಒಡಿಯೋ ಸಣ್ಣ ಗಿರಣಿ.
ಒಬ್ಬಂವ ಬಂದ. ಏನು ಮಾಡ್ತೀಯೋ ಅಂದ್ರ
"ಸಬ್ಸಿಡಿ ಮಾಡ್ತೀನ್ರಿ" ಅಂದ.
ಅಂವಂದೂ ಟೈಪ್ ಮಾಡಿದೆ.

ನನ್ನ ಕಂಪ್ಯೂಟರಿಗೆ ಒಂದೇ ಲೆಕ್ಕ ಬರ್ತದ:
ಮೊದಲ ವರ್ಷ ನೂರಕ್ಕ ಅರವತ್ತು,
ಎರಡನೇದ್ದು ಎಪ್ಪತ್ತು, ಮೂರನೇದ್ದು ಎಂಬತ್ತು.
ನನ್ನ ಹಾಳಿಯೊಳಗ ಯಾರ ಹೆಂಡತಿಗೂ ಜ್ವರ ಬರೂದಿಲ್ಲ,
ಕರೆಂಟ್ ಹೋಗೂದಿಲ್ಲ,
ಉಧಾರಿ ಒಯ್ದಾಂವ ಹಿಂದಿನ ಬಾಗಿಲಲೆ ಹೋಗೂದಿಲ್ಲ.
ಒಳಗಿನ ಸಾಹೇಬರಿಗೆ ಗೊತ್ತದ, ಬ್ಯಾಂಕಿನ ಮ್ಯಾನೇಜರಿಗೂ ಗೊತ್ತದ.
ಆದ್ರೂ ಎಂಬತ್ತರ ಕೆಳಗ ಹಸಿರು ಶಾಯಿಲೆ ಗೆರಿ ಎಳೀತಾರ
ನಂಬಿದವರಂಗ.

ಜಗದೇವಿ ಬಂದಾಗ ಶ್ರಾವಣ. ಮಾಡಬೂಳದಾಕಿ.
ರೊಟ್ಟಿ ಮಷಿನ್, ಹಿಟ್ಟು ನಾದೂದೊಂದು, ಪ್ಯಾಕ್ ಮಾಡೂದೊಂದು,
ಕೊಟೇಶನ್ ಮೂರು, ಜಾತಿ ಪ್ರಮಾಣಪತ್ರ, ಫೋಟೊ ಎರಡು.
ಸ್ವಂತ ಪಾಲು ನೂರಕ್ಕ ಐದು ಹಾಕಬೇಕು ತಂಗಿ, ಅಂದೆ.
ಬೋರಮಾಳ ಸರ ಮುಟ್ಟಿ ನೋಡ್ಕೊಂಡು ಹೂಂ ಅಂದ್ಲು.
"ಅನುಭವ?"
"ಎದರಾಗ?"
"ರೊಟ್ಟಿ ಮಾಡೂದ್ರಾಗ."
ಖೊಳ್ಳಂತ ನಕ್ಕಳು.
ಎಂಟು ವರ್ಷದಾಕಿ ಇದ್ದಾಗಿಂದ ಬಡಿಲಕತ್ತೀನಿ, ಈಗ ನಲವತ್ತೆರಡು.
ಪಗಾರಿಲ್ಲದ್ದು ಅನುಭವದಾಗ ಬರ್ತದೇನ್ರಿ?
ಸರ್ಟಿಫಿಕೇಟ್ ಇದ್ದದ್ದು ಬರ್ತದ.
"ತರಬೇತಿ: ಹತ್ತು ದಿನ" ಅಂತ ಒತ್ತಿದೆ.

ಒಂಬತ್ತನೇ ಹಾಳಿ.
ಸವಕಳಿ: ಯಂತ್ರಕ್ಕ ವರ್ಷಕ್ಕ ಹದಿನೈದು, ಕುರ್ಚಿ ಟೇಬಲ್ಲಿಗೆ ಹತ್ತು.
ಬಟ್ಟು ಇಟ್ಟು ಕೇಳಿದ್ಲು, ಇದೇನ್ರಿ.
ಮಷಿನ್ ಸವೀತದಲ್ಲ, ಅದಕ್ಕೂ ಲೆಕ್ಕ ಹಿಡೀತಾರ, ಅಂದೆ.
ಸುಮ್ಮನ ನಿಂತ್ಲು. ಆಮ್ಯಾಲ ಎರಡೂ ಅಂಗೈ ಚಾಚಿದ್ಲು.
ಗೆರಿ ಅಳಿಸಿಹೋದ ಅಂಗೈ.
ರೇಷನ್ ಅಂಗಡ್ಯಾಗ ಹೆಬ್ಬಟ್ಟು ಒತ್ತಿದ್ರ
ನಾ ನಾನಲ್ಲ ಅಂತದಂತ ಡಬ್ಬಿ.
"ಇದಕ್ಕೆಷ್ಟು ಬರೀತೀರಿ?"

ಕಾಲಂ ಇಲ್ಲವಾ, ಅಂದೆ.

ಸಬ್ಸಿಡಿ ರೊಕ್ಕ ಮೂರು ವರ್ಷ ಬ್ಯಾಂಕಿನಾಗ ಕುಂತಿರ್ತದ,
ಹೆಸರು ನಿಮ್ಮದು, ಕೀಲಿ ಅವರದು.
ಆಮ್ಯಾಲ ಒಬ್ಬ ಹುಡುಗ ಬರ್ತಾನ ಫೋನ್ ಹಿಡಕೊಂಡು,
ಕಾರ್ಖಾನಿಗೆ ಉಸಿರದ ಇಲ್ಲ ನೋಡ್ಲಾಕ.
ರುಕ್ಮೋದ್ದೀನನ ಕಡಿ ಬೋರ್ಡ್ ಇತ್ತು, ಮಷಿನ್ ಮಾರಿದ್ದ.
ಸೋನಾಬಾಯಿ ಕಡಿ ಮಷಿನ್ ಓಡಲಕತ್ತಿತ್ತು,
ಬೋರ್ಡಿನ ತಗಡು ಕೋಳಿಗೂಡಿನ ಮ್ಯಾಲಿತ್ತು.
ಎರಡಕ್ಕೂ ಕೆಂಪು ಗುರ್ತು.
"ಸಬ್ಸಿಡಿ ಮಾಡ್ತೀನ್ರಿ" ಅಂದಿದ್ನಲ್ಲ, ಅಂವಂದು ಎರಡೂ ಬರೋಬ್ಬರಿ ಇದ್ದವು.
ಒಂದು ದಿನದ ಬಾಡಿಗಿ ಕೊಟ್ಟು ತಂದಿದ್ದ.

ಜಗದೇವಿ ಮೊನ್ನೆ ಬಂದಿದ್ಲು, ಆ ಫೋಟೊ ಪ್ರಿಂಟ್ ತಗೀಸ್ಲಾಕ.
ಮಷಿನ್ ಬಾಯಿ ತಕ್ಕೊಂಡು ನಿಂತದ, ಕರೆಂಟ್ ಹೋಗಿತ್ತಂತ.
ಬಾಜೂಕ ಕಟಗಿ ಒಲಿ, ಆಕಿ, ಮತ್ತಿಬ್ಬರು ಹೆಣ್ಮಕ್ಕಳು,
ಮುನ್ನೂರು ರೊಟ್ಟಿ, ಮದಿವಿ ಆರ್ಡರ್.
ಎತ್ತಿದ ಕೈ ಫೋಟೊದಾಗ ಮಸಕ ಬಂದಾದ, ಅಷ್ಟು ಜೋರು.
ಹುಡುಗ ಕೆಳಗ ಬರದಾನ: "ಘಟಕ ಚಾಲ್ತಿಯಲ್ಲಿದೆ."
ಖರೇನ ಬರದಾನ.

ಎರಡು ರೊಟ್ಟಿ, ಶೇಂಗಾ ಹಿಂಡಿ ಬಿಟ್ಟು ಹೋದ್ಲು.
ಸುತ್ತಿದ ಪೇಪರ್ ನನ್ನದೇ ರದ್ದಿ,
ಯಾರದೋ ಎರಡನೇ ವರ್ಷ,
ಎಪ್ಪತ್ತರ ಮ್ಯಾಲ ಎಣ್ಣಿ ಹಾಯ್ದು ಆಚಿ ಕಾಣಲಕತ್ತಿತ್ತು.

ಮಗಳು ಅಂತಾಳ, ಅಪ್ಪಾ ನೀನೂ ಅರ್ಜಿ ಹಾಕು, ಕಲರ್ ಮಷಿನ್ ತರೂಣು.
ರಾತ್ರಿ ಹಾಳಿ ತಗದು ಕುಂತೀನಿ.
ಮೊದಲ ವರ್ಷ, ನೂರಕ್ಕ.
ಬಟ್ಟು ತಾನೇ ಆರಕ್ಕ ಹೋಗತದ,
ಸೊನ್ನಿ ಒತ್ಲಾಕ ಒಲ್ಲೆ ಅಂತದ.